ಮನೆಮಂದಿಯ ಹುಟ್ಟುಹಬ್ಬಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಇಟ್ಟುಕೊಂಡು, ಇನ್ನೆಷ್ಟು ದಿನ ಉಳಿದಿದೆ ಎಂದು ತಿಳಿಯುವುದು ಹೇಗೆ?

ಮನೆಯವರ, ನೆಂಟರಿಷ್ಟರ ಹುಟ್ಟಿದ ದಿನಗಳ ದೊಡ್ಡ ಪಟ್ಟಿ ನಿಮ್ಮಲ್ಲಿದೆ. ಕಿರಿಯರದು ತಾರೀಖಿನ ಪ್ರಕಾರ, ಹಿರಿಯರದು ತಿಥಿಯ ಪ್ರಕಾರ. ಇವನ್ನೆಲ್ಲ ಒಂದೇ ಕಡೆ ಇಟ್ಟು, ಪ್ರತಿಯೊಂದಕ್ಕೂ ಎಷ್ಟು ದಿನ ಬಾಕಿ ಇದೆ ಎಂದು ತೋರಿಸುವ ಆ್ಯಪ್ ಯಾವುದು ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲಿ ಇಂಥದ್ದೇ ಪಟ್ಟಿಯನ್ನು ಹಲವು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಹುಟ್ಟುಹಬ್ಬಕ್ಕೆಂದೇ ಬೇರೆ ಆ್ಯಪ್ ಬೇಕಾಗುವುದಿಲ್ಲ, ಫೋನಿನಲ್ಲಿ ಈಗಾಗಲೇ ಇರುವ ಕ್ಯಾಲೆಂಡರ್ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ತಾರೀಖಿನ ಹುಟ್ಟುಹಬ್ಬವನ್ನೂ ತಿಥಿಯ ಹುಟ್ಟುಹಬ್ಬವನ್ನೂ ಒಂದೇ ರೀತಿಯಲ್ಲಿ ನಮೂದಿಸಬಾರದು.

ನಾನು ಬಳಸುವುದು ಗೂಗಲ್ ಕ್ಯಾಲೆಂಡರ್. ಅದನ್ನು ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು, ಕಚೇರಿಯ ಮೀಟಿಂಗುಗಳ ಜೊತೆ ಬೆರೆಯದಂತೆ ಮನೆಯ ದಿನಗಳಿಗೆಂದೇ ಒಂದು ಹೊಸ ಕ್ಯಾಲೆಂಡರನ್ನು ಮೊದಲು ರಚಿಸಿಕೊಳ್ಳಿ. ತಾರೀಖಿನ ಹುಟ್ಟುಹಬ್ಬವೊಂದನ್ನು ಹೀಗೆ ಬರೆಯಬಹುದು: ಶೀರ್ಷಿಕೆಯಲ್ಲಿ ‘ದೊಡ್ಡತ್ತೆ ಹುಟ್ಟುಹಬ್ಬ, 1958’ ಎಂದಿರಲಿ, ಹುಟ್ಟಿದ ವರ್ಷ ಅಲ್ಲೇ ಇದ್ದರೆ ಎಷ್ಟು ತುಂಬಿತು ಎಂಬುದನ್ನು ಯಾರನ್ನೂ ಕೇಳಬೇಕಾಗಿಲ್ಲ. ‘ಇಡೀ ದಿನ’ ಎಂಬುದನ್ನು ಆಯ್ದು, ‘ಪ್ರತಿ ವರ್ಷ’ ಮರುಕಳಿಸುವಂತೆ ಮಾಡಿ. ಶಾಲೆಯ ದಾಖಲೆಯಲ್ಲಿರುವ ದಿನಾಂಕ ಬೇರೆಯಾಗಿದ್ದರೆ ಅದನ್ನು ಕೆಳಗಿನ ವಿವರಣೆಯಲ್ಲಿ ಬರೆದಿಡಿ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ದಿನಾಂಕವೇ ಅನೇಕ ಹಿರಿಯರ ದಾಖಲೆಗಳಲ್ಲೆಲ್ಲ ಉಳಿದುಬಿಟ್ಟಿದೆ. ಪಿಂಚಣಿಯ ಕೆಲಸಕ್ಕೆ ಆ ದಿನಾಂಕ ಬೇಕು, ಶುಭಾಶಯ ಹೇಳುವುದಕ್ಕೆ ನಿಜವಾದ ದಿನ ಬೇಕು.

‘ಇಡೀ ದಿನ’ ಎಂಬುದನ್ನು ದಯವಿಟ್ಟು ಕಡೆಗಣಿಸಬೇಡಿ. ಅದನ್ನು ಆಯ್ಕೆ ಮಾಡದೆ ರಾತ್ರಿ ಹನ್ನೆರಡು ಗಂಟೆ ಎಂದು ಸಮಯ ಕೊಟ್ಟರೆ, ಕ್ಯಾಲೆಂಡರ್ ಅದನ್ನು ಭಾರತದ ಸಮಯವೆಂದು ಹಿಡಿದು ಬೇರೆ ದೇಶದ ಸಮಯಕ್ಕೆ ಪರಿವರ್ತಿಸುತ್ತದೆ. ಆಗ ನ್ಯೂಜೆರ್ಸಿಯಲ್ಲಿರುವ ನಿಮ್ಮ ಅಣ್ಣನ ಫೋನಿನಲ್ಲಿ ಅದೇ ಹುಟ್ಟುಹಬ್ಬ ಹಿಂದಿನ ದಿನದ ಮಧ್ಯಾಹ್ನಕ್ಕೆ ಕಾಣಿಸುತ್ತದೆ. ಇಡೀ ದಿನದ ನಮೂದಿಗೆ ಸಮಯವಲಯದ ಗೊಡವೆಯಿಲ್ಲದ್ದರಿಂದ ಅದು ಎಲ್ಲೆಡೆಯೂ ಅದೇ ತಾರೀಖಿನಲ್ಲಿ ನಿಲ್ಲುತ್ತದೆ.

ಇನ್ನು ಉಳಿದ ದಿನಗಳ ಎಣಿಕೆ. ‘ಇನ್ನು 43 ದಿನ’ ಎಂದು ಪ್ರತಿದಿನ ನೋಡುವುದರಿಂದ ಆಗುವ ಉಪಯೋಗ ಕಡಿಮೆ, ಕೆಲಸ ಮಾಡಲು ಸಮಯವಿರುವಾಗ ಎಚ್ಚರಿಸಿದರೆ ಆಗುವ ಉಪಯೋಗ ದೊಡ್ಡದು. ಗೂಗಲ್ ಕ್ಯಾಲೆಂಡರಿನಲ್ಲಿ ಒಂದೇ ನಮೂದಿಗೆ ಒಂದಕ್ಕಿಂತ ಹೆಚ್ಚು ನೋಟಿಫಿಕೇಷನ್‌ಗಳನ್ನು ಇಡಬಹುದು. ಸಾಮಾನ್ಯ ಹುಟ್ಟುಹಬ್ಬಕ್ಕೆ ಒಂದು ವಾರ ಮುಂಚೆ ಒಂದು, ಅದೇ ದಿನ ಬೆಳಿಗ್ಗೆ ಒಂದು ಸಾಕು; ಊರಿಗೆ ಉಡುಗೊರೆ ಕಳಿಸಬೇಕಾದರೆ ಎರಡು ವಾರ ಮುಂಚೆ ಇನ್ನೊಂದನ್ನು ಸೇರಿಸಿ. ಸಂಖ್ಯೆಯೇ ಕಣ್ಣಮುಂದೆ ಇರಬೇಕೆಂದಾದರೆ ಗೂಗಲ್ ಶೀಟ್ಸ್‌ನಲ್ಲಿ ಹೆಸರು, ಮುಂದಿನ ಹುಟ್ಟುಹಬ್ಬದ ದಿನಾಂಕ ಎಂದು ಎರಡು ಕಾಲಂ ಮಾಡಿ, ಮೂರನೆಯದರಲ್ಲಿ ಆ ದಿನಾಂಕದಿಂದ ‘ಟುಡೇ’ ಎಂಬ ಸೂತ್ರವನ್ನು ಕಳೆಯಿರಿ. ಫೈಲನ್ನು ತೆರೆದಾಗಲೆಲ್ಲ ಉಳಿದ ದಿನಗಳು ತಾವಾಗಿಯೇ ಲೆಕ್ಕವಾಗಿರುತ್ತವೆ. ದಿನಗಳನ್ನೆಣಿಸುವ ವಿಜೆಟ್ ಆ್ಯಪ್‌ಗಳೂ ಸಿಗುತ್ತವೆ, ಆದರೆ ಅವುಗಳಲ್ಲಿ ಯಾವುದಾದರೂ ಫೋನಿನ ಕಾಂಟ್ಯಾಕ್ಟ್‌ಗಳನ್ನೆಲ್ಲ ನೋಡಲು ಅನುಮತಿ ಕೇಳಿದರೆ ನಾನಂತೂ ಕೊಡುವುದಿಲ್ಲ.

ದಿನಗಣನೆ ನಿಜವಾಗಿಯೂ ಬೇಕಾಗುವುದು ಷಷ್ಟ್ಯಬ್ದಿಯಂಥ ಸಮಾರಂಭಕ್ಕೆ. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿಸಿ, ಹುಟ್ಟಿದ ಸಂವತ್ಸರವೇ ಮರಳಿ ಬರುವ ಸಂದರ್ಭವದು: 1966ರ ಯುಗಾದಿಯಿಂದ ಆರಂಭವಾಗಿದ್ದ ಪರಾಭವ ಸಂವತ್ಸರ ಮತ್ತೆ ಆರಂಭವಾಗುವುದು 2026ರ ಮಾರ್ಚ್ 19ರ ಯುಗಾದಿಯಂದು. ಕಲ್ಯಾಣ ಮಂಟಪ, ಪುರೋಹಿತರು, ಹೊರದೇಶದಿಂದ ಬರುವ ಮಕ್ಕಳ ರಜೆ ಎಲ್ಲವೂ ಕೂಡಿಬರಬೇಕಾದ್ದರಿಂದ, ಇದಕ್ಕೆ ಆರು ತಿಂಗಳು ಮುಂಚಿತವಾಗಿಯೇ ಪ್ರತ್ಯೇಕ ನಮೂದೊಂದನ್ನು ಇಟ್ಟುಕೊಳ್ಳಿ.

ಈಗ ತಿಥಿಯ ವಿಷಯ. ತಿಥಿಯ ಹುಟ್ಟುಹಬ್ಬವನ್ನು ಯಾವ ಕಾರಣಕ್ಕೂ ‘ಪ್ರತಿ ವರ್ಷ’ ಎಂದು ಮರುಕಳಿಸಬೇಡಿ. ಚಾಂದ್ರಮಾನದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ ಮಾತ್ರ. ಆದ್ದರಿಂದ ತಿಥಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸ ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ನಾಗರ ಪಂಚಮಿಯಂದು, ಅಂದರೆ ಶ್ರಾವಣ ಶುದ್ಧ ಪಂಚಮಿಯಂದು ಹುಟ್ಟಿದವರನ್ನೇ ನೋಡಿ: ಆ ತಿಥಿ 2023ರಲ್ಲಿ ಆಗಸ್ಟ್ 21ಕ್ಕೆ, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ ಬಿದ್ದರೆ, 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಆಗಸ್ಟ್ 17ಕ್ಕೆ ಹೋಗುತ್ತದೆ. ಇದನ್ನು ಯಾವ ವಾರ್ಷಿಕ ಮರುಕಳಿಕೆಯೂ ಹಿಡಿಯಲಾರದು. ಯುಗಾದಿಗೆ ಹೊಸ ಪಂಚಾಂಗ ಮನೆಗೆ ಬಂದಾಗ ಹಿರಿಯರೊಬ್ಬರ ಜೊತೆ ಕುಳಿತು, ಆ ವರ್ಷದ ಎಲ್ಲ ತಿಥಿಗಳನ್ನೂ ಮರುಕಳಿಸದ ಬಿಡಿ ನಮೂದುಗಳಾಗಿ ಒಂದೇ ಬಾರಿಗೆ ಹಾಕಿಬಿಡುವುದು ನಮ್ಮ ಮನೆಯ ಕ್ರಮ. ವಿವರಣೆಯಲ್ಲಿ ಮಾಸ, ಪಕ್ಷ, ತಿಥಿ, ನಕ್ಷತ್ರಗಳನ್ನು ಬರೆದಿಡುವುದರಿಂದ ಮುಂದಿನ ವರ್ಷ ಹುಡುಕಾಟ ತಪ್ಪುತ್ತದೆ. ಶ್ರಾದ್ಧದ ತಿಥಿಗಳನ್ನೂ ಹೀಗೆಯೇ ಹಾಕಬಹುದು. ಆದರೆ ಅವಕ್ಕೆ ಅಪರಾಹ್ಣದ ತಿಥಿ ಮುಖ್ಯವಾಗುವುದರಿಂದ ನಿಮ್ಮ ಪುರೋಹಿತರನ್ನು ಕೇಳಿಯೇ ದಿನ ಬರೆಯಿರಿ.

ಉಡುಪಿ, ದಕ್ಷಿಣ ಕನ್ನಡದ ಕಡೆಯವರು ಸೌರಮಾನ ಅನುಸರಿಸುವುದಾದರೆ ಈ ಶ್ರಮ ಕಡಿಮೆ. ಸೌರಮಾನದ ದಿನ ಆಚೀಚೆಯಾದರೂ ಹೆಚ್ಚಾಗಿ ಒಂದು ದಿನದಷ್ಟೇ ಆಗುತ್ತದೆ. ವಾರ್ಷಿಕ ಮರುಕಳಿಕೆ ಇಟ್ಟು, ವರ್ಷಕ್ಕೊಮ್ಮೆ ಪಂಚಾಂಗದೊಂದಿಗೆ ತಾಳೆ ನೋಡಿದರಾಯಿತು.

ಫೆಬ್ರವರಿ 29ರಂದು ಹುಟ್ಟಿದವರು ಇದ್ದರೆ ಅವರಿಗಾಗಿ ಒಂದು ಮಾತು. ಕ್ಯಾಲೆಂಡರ್ ತಂತ್ರಾಂಶಗಳು ಪರಸ್ಪರ ಮಾಹಿತಿ ಹಂಚಿಕೊಳ್ಳಲು ಬಳಸುವ ಐಕ್ಯಾಲೆಂಡರ್ ಎಂಬ ಮಾನದಂಡದ 2009ರ ಆವೃತ್ತಿಯ ಪ್ರಕಾರ, ಮರುಕಳಿಕೆಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ದಿನಾಂಕ ಬಂದರೆ ಅದನ್ನು ಬಿಟ್ಟುಬಿಡಬೇಕು. ಆದ್ದರಿಂದ 2024ರಲ್ಲಿ ಕಾಣಿಸಿಕೊಂಡ ಆ ಹುಟ್ಟುಹಬ್ಬ ಮತ್ತೆ ಕಾಣಿಸುವುದು 2028ರಲ್ಲಿ ಎಂದಾಗಬಹುದು. ಅವರು ಆಚರಿಸುವ ದಿನ ಫೆಬ್ರವರಿ 28 ಅಥವಾ ಮಾರ್ಚ್ 1, ಯಾವುದೆಂದು ಕೇಳಿ ಆ ದಿನಕ್ಕೇ ನಮೂದಿಸಿ. ನಿಜವಾದ ದಿನಾಂಕ ಶೀರ್ಷಿಕೆಯಲ್ಲಿರಲಿ.

ಎಲ್ಲವೂ ಸಿದ್ಧವಾದ ಮೇಲೆ ಕ್ಯಾಲೆಂಡರನ್ನು ಮನೆಯವರ ಇಮೇಲ್ ವಿಳಾಸಗಳಿಗೆ ಮಾತ್ರ ಹಂಚಿಕೊಳ್ಳಿ. ‘ಸಾರ್ವಜನಿಕ’ ಎಂಬ ಆಯ್ಕೆಯನ್ನು ಮುಟ್ಟಲೇಬೇಡಿ, ಏಕೆಂದರೆ ಬ್ಯಾಂಕಿನಿಂದ ಹಿಡಿದು ಎಲ್ಲೆಡೆ ಗುರುತು ಪರಿಶೀಲನೆಗೆ ಕೇಳುವುದು ಇದೇ ಜನ್ಮದಿನಾಂಕವನ್ನು. ಇನ್ನೊಂದು ಸಂಗತಿ ಹಲವರಿಗೆ ತಿಳಿದಿರುವುದಿಲ್ಲ: ಗೂಗಲ್ ಕ್ಯಾಲೆಂಡರನ್ನು ಹಂಚಿಕೊಂಡರೂ ನೀವು ಇಟ್ಟ ನೋಟಿಫಿಕೇಷನ್ ನಿಮಗೆ ಮಾತ್ರ ಬರುತ್ತದೆ. ನಿಮ್ಮ ಅಮ್ಮನಿಗೂ ಒಂದು ವಾರ ಮುಂಚೆ ಗೊತ್ತಾಗಬೇಕೆಂದಿದ್ದರೆ ಅವರ ಫೋನನ್ನು ತೆಗೆದುಕೊಂಡು, ಆ ಕ್ಯಾಲೆಂಡರಿನ ಸೆಟ್ಟಿಂಗ್ಸ್‌ನಲ್ಲಿ ಇಡೀ ದಿನದ ನಮೂದುಗಳಿಗೆ ಜ್ಞಾಪನೆಯನ್ನು ನೀವೇ ಹೊಂದಿಸಿಕೊಡಿ.