ಪಿರಾನ್ಹಾ ಮರಿಗಳು ಒಂದರ ಬಾಲವನ್ನು ಇನ್ನೊಂದು ಕಚ್ಚುತ್ತಿವೆ, ಏನು ಮಾಡಬೇಕು?

ತೀರ್ಥಹಳ್ಳಿ ಹತ್ತಿರದ ಮನೆ, ಎರಡಡಿ ಉದ್ದದ ಗಾಜಿನ ತೊಟ್ಟಿ, ಬೆರಳುದ್ದದ ಆರು ಮರಿಗಳು, ಎರಡರ ಬಾಲ ಅರ್ಧ ಹೋಗಿದೆ ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಹತ್ತುಮೀನನ್ನು ಜೀವಂತವಾಗಿ ಹಾಕಬಹುದೇ ಎಂದೂ ಕೇಳಿದ್ದೀರಿ. ನಾನು ಹೊಸನಗರದ ಕಡೆಯವನು, ಬಾವಿ ನೀರಿನಲ್ಲೇ ಮೀನು ಸಾಕುವವನು. ಆದ್ದರಿಂದ ನಮ್ಮ ಸೀಮೆಗೆ ಹೊಂದುವ ಹಾಗೆ ಹೇಳುತ್ತೇನೆ.

ಮೊದಲು ಅವು ಪಿರಾನ್ಹಾ ಹೌದೇ ಎಂದು ನೋಡಿಕೊಳ್ಳಿ. ಕೆಂಪು ಹೊಟ್ಟೆಯ ಪಾಕು, ಅಂದರೆ ಮಾರುಕಟ್ಟೆಯ ರೂಪಚಂದ ಮೀನಿನ ಮರಿ ನೋಡಲು ಹಾಗೆಯೇ ಇರುತ್ತದೆ. ಅದನ್ನೇ ಪಿರಾನ್ಹಾ ಎಂದು ಮಾರುವುದುಂಟು. ಪಕ್ಕದಿಂದ ನೋಡಿದರೆ ಪಿರಾನ್ಹಾದ ಕೆಳದವಡೆ ಮುಂದೆ ಚಾಚಿರುತ್ತದೆ, ಹಲ್ಲು ತ್ರಿಕೋನ. ಪಾಕುವಿನ ಹಲ್ಲು ನಮ್ಮ ದವಡೆ ಹಲ್ಲಿನಂತೆ ಚಪ್ಪಟೆ. ಪಾಕು ಅರ್ಧ ಮೀಟರ್ ದಾಟಿ ಬೆಳೆಯುವ ಮೀನು, ಮನೆಯ ಯಾವ ತೊಟ್ಟಿಯೂ ಅದಕ್ಕೆ ಸಾಲದು.

ಪಿರಾನ್ಹಾವೇ ಆಗಿದ್ದರೆ, ಕಚ್ಚಾಟವನ್ನು ಅದರ ಕ್ರೌರ್ಯ ಎಂದುಕೊಳ್ಳಬೇಡಿ. ಅಮೆಜಾನ್ ಹೊಳೆಗಳಲ್ಲೂ ಮರಿಗಳು ಬೇರೆ ಮೀನುಗಳ ರೆಕ್ಕೆ ಕಚ್ಚಿ ತಿನ್ನುತ್ತವೆ. ತೊಟ್ಟಿಯಲ್ಲಿ ಅದು ಅತಿಯಾಗುವುದು ಹಸಿವಿನಿಂದ ಮತ್ತು ಇಕ್ಕಟ್ಟಿನಿಂದ. ನಿಮ್ಮ ತೊಟ್ಟಿ ಒಂದಡಿ ಅಗಲ, ಒಂದಡಿ ಎತ್ತರದ್ದಾದರೆ ಹಿಡಿಯುವುದು ಹೆಚ್ಚೆಂದರೆ 56 ಲೀಟರ್. ಆರು ಮರಿಗಳಿಗೆ ಈಗಲೇ ನಾಲ್ಕಡಿಯ ತೊಟ್ಟಿ ಬೇಕು. ಒಂದೊಂದೂ 25 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆಗ ಆರಡಿಯದೂ ದೊಡ್ಡದೆನಿಸುವುದಿಲ್ಲ. ಬಾಲ ಹೋದ ಎರಡನ್ನು ಇವತ್ತೇ ಬೇರೆ ಮಾಡಿ, ಲೀಟರಿಗೆ ಒಂದು ಗ್ರಾಂನಂತೆ ಕಲ್ಲುಪ್ಪು ಕರಗಿಸಿದ ಶುದ್ಧ ನೀರಿನಲ್ಲಿಡಿ. ಬುಡ ಉಳಿದಿದ್ದರೆ ಬಾಲ ಮತ್ತೆ ಬೆಳೆಯುತ್ತದೆ. ಉಳಿದವುಗಳಲ್ಲಿ ಒಂದು ಮಾತ್ರ ಎದ್ದು ಕಾಣುವಷ್ಟು ದೊಡ್ಡದಾಗಿದ್ದರೆ ಅದನ್ನೂ ಬೇರೆ ಮಾಡಿ.

ಮರಿಗಳಿಗೆ ದಿನಕ್ಕೆ ಎರಡು ಮೂರು ಬಾರಿ ಆಹಾರ ಬೇಕು. ಸಣ್ಣಗೆ ಹೆಚ್ಚಿದ ಸಿಗಡಿ, ಜಿಲೇಬಿ ಮೀನಿನ ಬಿಳಿ ಮಾಂಸ ಒಳ್ಳೆಯದು. ಬೂತಾಯಿ, ಬಂಗುಡೆಗಳಲ್ಲಿ ಎಣ್ಣೆ ಹೆಚ್ಚು, ನೀರು ಬೇಗ ಕೆಡುತ್ತದೆ. ಕೋಳಿ, ಕುರಿ ಮಾಂಸ ಬೇಡವೇ ಬೇಡ. ಉಳಿದ ಚೂರುಗಳನ್ನು ಹತ್ತು ಹದಿನೈದು ನಿಮಿಷದಲ್ಲಿ ತೆಗೆಯಿರಿ. ಕೊಳೆತರೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ. ಇನ್ನು ಹತ್ತುಮೀನು: ಹಾಕಬೇಡಿ. ಗದ್ದೆಯ ಮೀನಿನ ಮೈಯಲ್ಲಿ ಪರಾವಲಂಬಿ ಹುಳುಗಳಿರಬಹುದು, ಗದ್ದೆಗೆ ಹೊಡೆದ ಔಷಧವೂ ಇರಬಹುದು. ಅಲ್ಲದೆ ಅವು ಮೊಟ್ಟೆಯಿಡಲು ಹತ್ತಿ ಬರುವ ಮೀನುಗಳು. ನಮ್ಮ ಹಳ್ಳಗಳಲ್ಲಿ ಮುಂದಿನ ವರ್ಷದ ಸಂತಾನ ಅವುಗಳ ಹೊಟ್ಟೆಯಲ್ಲೇ ಇರುತ್ತದೆ.

ನೀರಿನ ವಿಷಯವನ್ನು ನೀವು ಕೇಳಿಲ್ಲ, ನನಗೆ ಆತಂಕ ಇರುವುದು ಅದರ ಬಗ್ಗೆಯೇ. ಅಡಿಕೆ ತೋಟದ ಮನೆಯಲ್ಲಿ ಮಳೆಗಾಲವೆಂದರೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ಮೈಲುತುತ್ತದ ತಾಮ್ರ ಮೀನಿಗೆ ವಿಷ, ನಮ್ಮ ಬಾವಿಗಳಂಥ ಮೆದು ನೀರಿನಲ್ಲಿ, ಅಂದರೆ ಲವಣ ಕಡಿಮೆಯಿರುವ ನೀರಿನಲ್ಲಿ, ಇನ್ನೂ ತೀಕ್ಷ್ಣ ವಿಷ. ಔಷಧ ಕಲಸಿದ ಡ್ರಮ್, ಬಕೆಟ್, ಪೈಪು ಎಷ್ಟೇ ತೊಳೆದರೂ ಮೀನಿನ ತೊಟ್ಟಿಯ ಹತ್ತಿರ ಬರಬಾರದು. ಸಿಂಪಡಿಸಿದ ಕೈಯನ್ನೂ ನೀರಿಗೆ ಅದ್ದಬೇಡಿ. ಬಾವಿ ತೋಟದ ಇಳಿಜಾರಿನಲ್ಲಿದ್ದರೆ ಸಿಂಪಡಣೆಯ ದಿನಗಳಿಗೆಂದು ನೀರನ್ನು ಮೊದಲೇ ತುಂಬಿಟ್ಟುಕೊಳ್ಳಿ.

ಜಂಬಿಟ್ಟಿಗೆ ನೆಲದ ಮೆದು ನೀರು ಪಿರಾನ್ಹಾಗಳಿಗೆ ಒಗ್ಗುತ್ತದೆ. ಆದರೆ ಹುಳಿಯನ್ನು ತಡೆದುಕೊಳ್ಳುವ ಕ್ಷಾರ ಅದರಲ್ಲಿ ಕಡಿಮೆ. ಪಿಎಚ್ ತೀರಾ ಇಳಿದರೆ, ಅಂದರೆ ನೀರು ತೀರಾ ಹುಳಿಯಾದರೆ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸ ನಿಂತುಹೋಗುತ್ತದೆ. ಆ ಕ್ಷಾರ ಸಿಗಲು ಫಿಲ್ಟರಿನಲ್ಲಿ ಒಂದು ಹಿಡಿ ಚಿಪ್ಪಿನ ಚೂರು ಇಡಿ, ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ಹೊರತೆಗೆದ ನೀರಿನಲ್ಲೇ ಹಿಂಡಿ. ಶಿವಮೊಗ್ಗದಂತೆ ನಲ್ಲಿ ನೀರಿರುವ ಕಡೆ ಕ್ಲೋರಿನ್ ತೆಗೆಯುವ ದ್ರಾವಣ ಬಳಸಬೇಕು.

ಉಷ್ಣತೆ 24ರಿಂದ 28 ಡಿಗ್ರಿ ಇರಲಿ. ನಮ್ಮ ಚಳಿಗಾಲದ ರಾತ್ರಿಗೆ, ಜಡಿಮಳೆಯ ವಾರಗಳಿಗೆ ಹೀಟರ್ ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬಾರದಿರುವುದು ನಿಮಗೂ ಗೊತ್ತು. ಬ್ಯಾಟರಿಯ ಏರ್ ಪಂಪಿಗೆ ಸ್ಪಂಜ್ ಫಿಲ್ಟರ್ ಜೋಡಿಸಿಟ್ಟರೆ ಮೀನೂ ಬ್ಯಾಕ್ಟೀರಿಯಾಗಳೂ ಬದುಕುತ್ತವೆ. ಗಾಜಿನ ನಾಲ್ಕೂ ಬದಿಗೆ ಕಂಬಳಿ ಸುತ್ತಿ, ಮೇಲ್ಭಾಗ ತೆರೆದಿಡಿ, ಆಹಾರ ಕೊಡುವುದನ್ನು ನಿಲ್ಲಿಸಿ.

ದೊಡ್ಡ ತೊಟ್ಟಿ ಕೊಳ್ಳಲು ಆಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ತುಂಗೆಗೆ ಮಾತ್ರ ಬಿಡಬೇಡಿ. ನಿಮ್ಮೂರಿನ ಹತ್ತಿರದ ಚಿಬ್ಬಲಗುಡ್ಡೆಯಲ್ಲೂ ಶೃಂಗೇರಿಯಲ್ಲೂ ಜನ ದೇವರ ಮೀನೆಂದು ಕಾಪಾಡಿಕೊಂಡು ಬಂದವು ಅದೇ ಹೊಳೆಯಲ್ಲಿವೆ. ಬದಲಿಸಿದ ನೀರನ್ನೂ ಹಳ್ಳಕ್ಕೆ ಚೆಲ್ಲದೆ, ಉಪ್ಪು ಹಾಕದ ನೀರಾದರೆ ಅಡಿಕೆ ಬುಡಕ್ಕೆ ಹಾಕಿ.