ಕೊಡಲಿಯ ಕಾವು ಸಡಿಲವಾದರೆ ನೀರಲ್ಲಿ ನೆನೆಸಿದರೆ ಸಾಕೇ?

ಸಾಕಾಗಲ್ಲ, ದಯವಿಟ್ಟು ಆ ಅಭ್ಯಾಸ ಬಿಡಿ. ನೆನೆದ ಮರ ಉಬ್ಬುತ್ತದೆ, ಆದರೆ ಸುತ್ತಲಿನ ಕಬ್ಬಿಣ ಹಿಗ್ಗುವುದಿಲ್ಲವಲ್ಲ. ನಾರುಗಳು ಅಲ್ಲೇ ಜಜ್ಜಿಹೋಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತ ಸಣ್ಣದಾಗಿ ಇನ್ನೂ ಸಡಿಲವಾಗುತ್ತದೆ. ಬೀಸುವಾಗ ಕೊಡಲಿಯ ತಲೆ ಹಾರಿದರೆ ಎದುರಿಗಿದ್ದವರ ಗತಿಯೇನು?

ಚೆನ್ನಾಗಿ ಒಣಗಿದ, ಎಳೆ ನೇರವಾಗಿರುವ ಜಾಲಿ ಮರದ ಕಾವು ತನ್ನಿ. ತುದಿಯನ್ನು ಕೊಡಲಿಯ ಕಣ್ಣಿಗೆ, ಅಂದರೆ ಕಾವು ಕೂರುವ ತೂತಿಗೆ, ಬಿಗಿಯಾಗಿ ಕೂರುವಂತೆ ಕೆತ್ತಿ, ಕಣ್ಣಿನ ಆಳದ ಮೂರರಲ್ಲಿ ಎರಡು ಪಾಲಿನಷ್ಟು ಗರಗಸದಿಂದ ಸೀಳಿ. ಏರಿಸುವಾಗ ಕೊಡಲಿ ಕೆಳಗೆ ತೂಗುವಂತೆ ಕಾವನ್ನು ನೆಟ್ಟಗೆ ಹಿಡಿದು, ಮೇಲ್ತುದಿಗೆ ಮರದ ಸುತ್ತಿಗೆಯಿಂದ ಹೊಡೆಯಿರಿ. ತಲೆ ತಾನೇ ಮೇಲೇರುವುದನ್ನು ನೋಡುವುದೇ ಚೆಂದ. ಆಮೇಲೆ ಸೀಳಿಗೆ ಒಣಮರದ ಬೆಣೆ ಬಡಿಯಿರಿ.

ಪಿಕಾಸಿಗೆ ಬೆಣೆ ಬೇಡ. ಅದರ ಕಾವಿನ ತುದಿಯೇ ದಪ್ಪ, ಬೀಸಿದಷ್ಟೂ ಬಿಗಿಯಾಗುತ್ತದೆ.