ತಟ್ಟೆ ಬೇರೆ ಇಟ್ಟರೆ ಟಿಬಿ ನಿಲ್ಲುತ್ತಾ?

ಹಾವೇರಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: 'ಸೊಸೆಗೆ ಶ್ವಾಸಕೋಶದ ಟಿಬಿ. ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು. ಕಫದಲ್ಲಿ ಈಗ ರೋಗಾಣು ಇಲ್ಲ ಅಂತ ರಿಪೋರ್ಟ್ ಬಂದಿದೆ. ಆದರೂ ಅವಳ ತಟ್ಟೆ, ಲೋಟ ಬೇರೆ ಮಾಡಿ, ಹಿಂದಿನ ಕೋಣೆ ಕೊಟ್ಟಿದ್ದೇವೆ. ಮಕ್ಕಳಿರುವ ಮನೆ. ಇದು ತಪ್ಪೇ?'

ಮಕ್ಕಳಿರುವ ಮನೆಯಲ್ಲಿ ಹುಷಾರಾಗಿರಬೇಕು, ಒಪ್ಪಿದೆ. ಆದರೆ ತಟ್ಟೆ ಬೇರೆ ಮಾಡಿದ್ದು ತಪ್ಪು. ಟಿಬಿ ಎಂಜಲಿನಿಂದ ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಔಷಧಿ ಶುರುವಾಗದ ರೋಗಿ ಕೆಮ್ಮಿದಾಗ ಸಿಡಿಯುವ ಸಣ್ಣ ಹನಿಗಳು ಒಣಗಿ, ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹೊಗೆಯಂತೆ ತೇಲುತ್ತಿರುತ್ತವೆ. ಅದನ್ನು ಉಸಿರಾಡಿದವರಿಗೆ ಸೋಂಕು ತಗಲಬಹುದು.

1950ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ವೈದ್ಯ ರಿಚರ್ಡ್ ರೈಲಿ ಇದನ್ನು ತೋರಿಸಿಕೊಟ್ಟರು. ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಎಳೆದು ಗಿನಿಪಿಗ್‌ಗಳ ಗೂಡಿಗೆ ಬಿಟ್ಟರು. ರೋಗಿಯ ಮುಖವನ್ನೇ ಕಾಣದ ಪ್ರಾಣಿಗಳಿಗೆ ಟಿಬಿ ಬಂತು.

ನಮ್ಮ ಪಕ್ಕದ ಮದ್ರಾಸಿನ ಕಥೆ ಇನ್ನೂ ದೊಡ್ಡದು. 1956ರಲ್ಲಿ ಅಲ್ಲಿ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ, ಅಂದರೆ ಟಿಬಿ ರೋಗಿಗಳನ್ನು ಮನೆಯಿಂದ ದೂರ ಇಟ್ಟು ನೋಡಿಕೊಳ್ಳುವ ಆಸ್ಪತ್ರೆಗೆ ಸೇರಿಸಿ, ಉಳಿದವರಿಗೆ ಮನೆಯಲ್ಲೇ ಔಷಧಿ ಕೊಟ್ಟರು. ಇಕ್ಕಟ್ಟಾದ ಮನೆಗಳು, ಅರೆಹೊಟ್ಟೆ ಊಟ. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಮ್ಮಿ ಅಷ್ಟೇ ಗುಣವಾಗಿದ್ದರು. ಅವರ ಮನೆಮಂದಿಗೂ ಟಿಬಿ ಜಾಸ್ತಿ ಬಂದಿರಲಿಲ್ಲ! ಹೆಂಡತಿ-ಮಕ್ಕಳನ್ನು ಬಿಟ್ಟು ಸ್ಯಾನಟೋರಿಯಂ ಸೇರಬೇಕಾದ ಕಷ್ಟ ಲಕ್ಷಾಂತರ ಜನಕ್ಕೆ ತಪ್ಪಿದ್ದು ಹೀಗೆ. ನೀವು ಮನೆಯೊಳಗೇ ಅಂಥದ್ದೊಂದು ಸ್ಯಾನಟೋರಿಯಂ ಮತ್ತೆ ಕಟ್ಟಿದ್ದೀರಿ. ಮಾತ್ರೆ ನುಂಗಿ ಸುಸ್ತಾಗಿರುವ ಹೆಣ್ಣುಮಗಳು ಒಬ್ಬಳೇ ಕೂತು ಉಣ್ಣಬೇಕೇ? ಆರು ತಿಂಗಳ ಔಷಧಿ ಬಿಡದೆ ಮುಗಿಸಲು ಅವಳಿಗೆ ನಿಮ್ಮ ಆಸರೆ ಬೇಕು.

ಅಪಾಯ ಜಾಸ್ತಿ ಇದ್ದದ್ದು ರೋಗ ಪತ್ತೆಯಾಗುವ ಮುಂಚೆ. ಅವಳು ಕೆಮ್ಮುತ್ತಿದ್ದಾಗ ನೀವೆಲ್ಲ ಜೊತೆಗೇ ಇದ್ದಿರಿ, ಅಲ್ವಾ? ಹಾಗಾದರೆ ನೀವೂ ಪರೀಕ್ಷೆ ಮಾಡಿಸಿಕೊಂಡಿರಾ? ಮಕ್ಕಳಿಗೆ ಟಿಬಿ ತಡೆಯುವ ಮಾತ್ರೆ ಕೇಳಿದಿರಾ? ಸರ್ಕಾರಿ ಆಸ್ಪತ್ರೆಯಲ್ಲಿ ಎರಡೂ ಉಚಿತ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ.

ಆ ಕೋಣೆಗೆ ಕಿಟಕಿ ಇದೆಯಾ ಅಂತಲೂ ಬರೆದಿಲ್ಲ. ಗಾಳಿ ಅಂದರೆ ನಮಗೆ ಯಾಕಿಷ್ಟು ತಾತ್ಸಾರ? ತೊಟ್ಟಿ ಮನೆಗಳಲ್ಲಿ ಆಕಾಶವೇ ಒಳಗಿರುತ್ತಿತ್ತು. ಈಗ ಸೊಳ್ಳೆಗೆ, ಧೂಳಿಗೆ, ವಾಸ್ತುವಿಗೆ ಹೆದರಿ ಕಿಟಕಿ ಮುಚ್ಚುತ್ತೇವೆ. ಎಸಿ ಹಾಕಿ ಬಾಗಿಲು ಬಿಗಿದ ಟ್ಯೂಷನ್ ಕೋಣೆಗೆ ಮಕ್ಕಳನ್ನು ತುಂಬುತ್ತೇವೆ. ಫೀಸು ಕಟ್ಟುವಾಗ ರ‍್ಯಾಂಕ್ ಪಟ್ಟಿ ನೋಡುವ ಅಪ್ಪ-ಅಮ್ಮ ಕಿಟಕಿ ಎಷ್ಟಿವೆ ಅಂತ ಕೇಳುವುದಿಲ್ಲ. ಎಷ್ಟೋ ಕ್ಲಿನಿಕ್‌ಗಳಲ್ಲೂ ಅದೇ ಸ್ಥಿತಿ: ಕೆಮ್ಮುವವರು, ಬಸುರಿಯರು, ಹಸುಗೂಸುಗಳು, ಎಲ್ಲರೂ ಮುಚ್ಚಿದ ಒಂದೇ ಕೋಣೆಯಲ್ಲಿ ಗಂಟೆಗಟ್ಟಲೆ ಕಾಯುತ್ತಾರೆ.